ಏಳನೇ ಬಾಸ್ ಸುಮ್ಮನೆ ಕೂತಿದ್ದ

ಕಳೆದ ಭಾನುವಾರ ಕೊಳ್ಳೇಗಾಲದಲ್ಲಿ ನನಗೊಂದು ಸನ್ಮಾನವಾಯಿತು.

ಶಾಲು ಇಲ್ಲ, ಹಾರ ಇಲ್ಲ, ಹಣ್ಣಿನ ಬುಟ್ಟಿಯೂ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಲೋಟ ಕಾಫಿ, ಕೈಗೊಂದು ಸ್ಕೆಚ್ ಪೆನ್. ಅಷ್ಟೇ.

ಸನ್ಮಾನ ಮಾಡಿದವರು ನಾಗರಾಜು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮೊದಲು ಟೀವಿ ರಿಪೇರಿ, ಆಮೇಲೆ ವಿಡಿಯೋ ಗೇಮ್, ಈಗ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿರುವವರು. ಗೋಡೆಗೆ ಅಂಟಿಸಲು ಅವರಿಗೊಂದು ಪಟ್ಟಿ ಬೇಕಿತ್ತಂತೆ. ಅವರ ಹಳೆಯ ವಿಡಿಯೋ ಗೇಮಿನಲ್ಲಿ ಪ್ರತಿ ಹಂತ ಮುಗಿಯುವಾಗಲೂ ಒಬ್ಬ ದೊಡ್ಡ ವೈರಿ ಎದುರು ನಿಲ್ಲುತ್ತಾನಲ್ಲ, ಅವನೇ ಬಾಸ್. (ಆಫೀಸಿನ ಬಾಸ್ ಅಲ್ಲ. ಅವನನ್ನು ಹೊಡೆಯುವ ಬಟನ್ ಇನ್ನೂ ಯಾರೂ ಕಂಡುಹಿಡಿದಿಲ್ಲ.) ಅಂಥ ಬಾಸ್‌ಗಳಲ್ಲಿ ಯಾರು ಕಷ್ಟ, ಯಾರು ಮಹಾಕಷ್ಟ ಎಂದು ನಂಬರ್ ಹಾಕಿ ಕೊಡಬೇಕು.

"ನೀವೇ ಸೀನಿಯರ್ರು ಸಾ. ಬರ್ಕೊಡಿ. ಈಗಿನ ಉಡುಗ್ರು ನೋಡ್ಲಿ" ಎಂದರು ನಾಗರಾಜು.

ಐದೇ ನಿಮಿಷ. ಏಳರಿಂದ ಒಂದರವರೆಗೆ ಬರೆದು ಮುಗಿಸಿದೆ. ಒಂದನೇ ನಂಬರಿಗೆ ಕೊನೆಯ ಹಂತದ ಬಾಸ್‌ನನ್ನೇ ಹಾಕಿದೆ. ಕೊನೆಯಲ್ಲಿ ಬರುವವನು ತಾನೇ ದೊಡ್ಡವನು?

ನಾಗರಾಜು ಓದಿ ನಕ್ಕರು. "ಮಲ್ಲಪ್ನೋರು ಇಲ್ಲಿದ್ದಿದ್ರೆ ಇದ್ನ ಒಪ್ತಿರ್ನಿಲ್ಲ ಬುಡಿ."

ಕಾಫಿ ಅರ್ಧ ಲೋಟದಲ್ಲೇ ನಿಂತಿತು. ಇವತ್ತಿಗೆ ನಾಲ್ಕು ದಿನ. ಆ ಮಾತು ಅಂಗಿಯೊಳಗೆ ಸೇರಿಕೊಂಡ ಹುಲ್ಲುಕಡ್ಡಿಯ ಹಾಗೆ ಚುಚ್ಚುತ್ತಲೇ ಇದೆ. ಅದಕ್ಕೇ ಈ ವಾರದ ಅಂಕಣದಲ್ಲಿ ಮಲ್ಲಪ್ಪನವರ ಕಥೆ.

ಎಂಟು ವರ್ಷದ ಹಿಂದಿನ ಮಾತು. ಆಗ ನಾನು ಹನೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಊರು ಗದಗ. ಹೆಂಡತಿ ಸುಮಂಗಲಾ ಅಲ್ಲೇ ಪ್ರೈಮರಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ ಎರಡು ವರ್ಷ, ಒಟ್ಟಿಗೆ ಇದ್ದದ್ದು ಹೆಚ್ಚೆಂದರೆ ಎರಡು ತಿಂಗಳು. ಇಬ್ಬರಲ್ಲಿ ಒಬ್ಬರಿಗೆ ಟ್ರಾನ್ಸ್‌ಫರ್ ಆಗಬೇಕಿತ್ತು. ಆಗುತ್ತದೆ, ಆಗುತ್ತದೆ ಎಂದು ಕಾಗದ ಬರೆದುಕೊಳ್ಳುತ್ತಿದ್ದೆವು. ಮೊದಮೊದಲು ನಾಲ್ಕು ಪುಟ. ಆಮೇಲೆ ಇನ್‌ಲ್ಯಾಂಡ್ ಲೆಟರ್. ಆಮೇಲೆ ಇನ್‌ಲ್ಯಾಂಡ್ ಲೆಟರಿನಲ್ಲೂ ಜಾಗ ಉಳಿಯತೊಡಗಿತು.

ಹನೂರಿನ ಜನ ಒಳ್ಳೆಯವರೇ. ಆದರೆ ನನ್ನ ಮಾತು ಅವರಿಗೆ ತಮಾಷೆ, ಅವರ ಮಾತು ನನಗೆ ಒಗಟು. "ಓಗಿದ್ದು ಬತ್ತೀನಿ ಸಾ" ಎಂದು ಯಾರಾದರೂ ಅಂದರೆ ಅವರು ಹೊರಟರೋ ಬಂದರೋ ಎಂದು ಯೋಚಿಸುತ್ತಾ ನಿಲ್ಲುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಮಾತಿಗೆ ಯಾರೂ ಇಲ್ಲ. ಕೆಲವು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಾನು ಆಡಿದ ಒಟ್ಟು ಮಾತು "ಒಂದು ಪ್ಲೇಟ್ ಇಡ್ಲಿ."

ಶನಿವಾರ ಅರ್ಧ ದಿನ ಶಾಲೆ. ಬಸ್ ಹತ್ತಿ ಕೊಳ್ಳೇಗಾಲಕ್ಕೆ ಬರುತ್ತಿದ್ದೆ. ಯಾಕೆ? ಬಸ್ಸಿನಲ್ಲಿ ಪಕ್ಕದವರ ಭುಜ ತಾಗುತ್ತಿತ್ತಲ್ಲ, ಅದಕ್ಕೆ. (ನಗಬೇಡಿ. ಒಂಟಿಯಾಗಿ ಇದ್ದವರಿಗೆ ಗೊತ್ತು.) ಹಾಗೆ ಸುತ್ತುತ್ತಿದ್ದಾಗ ಒಂದು ದಿನ ನಾಗರಾಜು ಅಂಗಡಿ ಕಣ್ಣಿಗೆ ಬಿತ್ತು. ಮೂರು ಟೀವಿ, ಮೂರು ಬೆಂಚು, ಹಳದಿ ಕ್ಯಾಸೆಟ್ಟುಗಳು. ನನ್ನ ವಿದ್ಯಾರ್ಥಿಗಳು ಯಾರೂ ಇಪ್ಪತ್ತೈದು ಕಿಲೋಮೀಟರ್ ದೂರ ಬರುವುದಿಲ್ಲ ಎಂಬ ಧೈರ್ಯದ ಮೇಲೆ, ಮೂವತ್ತೊಂದು ವಯಸ್ಸಿನ ನಾನು ಒಳಗೆ ಕೂತೆ.

ಆಟ ಸರಳ. ಇಬ್ಬರು ಯೋಧರು, ಏಳು ಹಂತ, ಏಳು ಬಾಸ್. ಒಬ್ಬರೇ ಆಡಬಹುದು, ಇಬ್ಬರೂ ಆಡಬಹುದು. ತಲಾ ಮೂರು ಪ್ರಾಣ. ನಿಮ್ಮ ಪ್ರಾಣ ಮುಗಿದರೆ ಎರಡು ಬಟನ್ ಒಟ್ಟಿಗೆ ಒತ್ತಿ ಜೊತೆಗಾರನ ಪ್ರಾಣ ತೆಗೆದುಕೊಳ್ಳಬಹುದು. ಅವನನ್ನು ಕೇಳಬೇಕಾಗಿಲ್ಲ.

ನಾನು ಒಬ್ಬನೇ ಆಡುತ್ತಿದ್ದೆ. ಐದನೇ ಬಾಸ್ ಹತ್ತಿರ ಪ್ರತಿ ಸಲವೂ ಸಾಯುತ್ತಿದ್ದೆ.

ಐದನೆಯದು ಅವಳಿ. ಇಬ್ಬರು ಕತ್ತಿ ಹಿಡಿದವರು. ಒಬ್ಬನನ್ನು ಕೊಂದರೆ ಇನ್ನೊಬ್ಬ ಅವನನ್ನು ಮತ್ತೆ ಎಬ್ಬಿಸುತ್ತಾನೆ. ಇಬ್ಬರೂ ಒಂದೇ ಕ್ಷಣಕ್ಕೆ ಬೀಳಬೇಕು. ಇರುವುದು ಎರಡೇ ಕೈ, ಒಬ್ಬನೇ ಯೋಧ. ಹೇಗೆ ಸಾಧ್ಯ?

ಅಂಥದೊಂದು ಶನಿವಾರ ಟೀವಿ ರಿಪೇರಿಗೆ ಕೊಟ್ಟು ಬೆಂಚಿನ ತುದಿಯಲ್ಲಿ ಒಬ್ಬರು ಕಾಯುತ್ತಾ ಕೂತಿದ್ದರು. ಐವತ್ತು ದಾಟಿದ ವಯಸ್ಸು, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಟವೆಲ್. ಸತ್ತೇಗಾಲದ ಗುರುಮಲ್ಲಪ್ಪ. ಭತ್ತ, ತೆಂಗು ಇದ್ದ ಅನುಕೂಲಸ್ಥರು. ನಾನು ಸಾಯುವುದನ್ನು ಮೂರು ಸಲ ನೋಡಿದರು. ನಾಲ್ಕನೇ ಸಲ ತಡೆಯಲಾಗಲಿಲ್ಲ.

"ಏನ್ರೀ, ಒಬ್ನ ಒಡೀವಾಗ ಇನ್ನೊಬ್ನ ಬುಟ್ಬುಟ್ರೆ ಎಂಗೆ?"

"ನಾನಿರುವುದು ಒಬ್ಬನೇ ಅಲ್ಲವೇ" ಎಂದೆ.

"ಆ ಇನ್ನೊಂದ್ ಅಂಡ್ಲು ಇಲ್ಲೇ ಸುಮ್ನೆ ಬಿದ್ದದಲ್ಲಾ. ಅದ್ಯಾರ್ಗೆ?"

ನಾಗರಾಜು ಸೋಲ್ಡರಿಂಗ್ ಮಾಡುತ್ತಲೇ ಹೇಳಿದರು. "ನೀವೇ ಇಡ್ಕಳಿ ಮಲ್ಲಪ್ನೋರೆ. ಟೀವಿ ಆಗೋಕೆ ಇನ್ನೂ ಒಂದ್ ಗಂಟೆ ಆಯ್ತದೆ."

ಮಲ್ಲಪ್ಪ ಟವೆಲಿನಿಂದ ಕೈ ಒರೆಸಿಕೊಂಡು ಎರಡನೇ ಜಾಯ್‌ಸ್ಟಿಕ್ ಹಿಡಿದರು. ಆ ದಿನ ಮೊದಲ ಹಂತದ ಹಳ್ಳಕ್ಕೆ ಹನ್ನೊಂದು ಸಲ ಬಿದ್ದರು. ಪ್ರತಿ ಸಲವೂ "ಅಯ್ಯೋ ಶಿವ್ನೇ" ಎಂದು ನಿಜವಾಗಿಯೇ ಬೆಂಚಿನಿಂದ ಎದ್ದು ನಿಲ್ಲುತ್ತಿದ್ದರು. ಟೀವಿ ರಿಪೇರಿಯಾಗಿ ಒಂದೂವರೆ ಗಂಟೆಯಾದರೂ ಹೊರಡಲಿಲ್ಲ.

ಮುಂದಿನ ಶನಿವಾರ ನಾನು ಹೋಗುವಷ್ಟರಲ್ಲಿ ಅವರು ಬಂದು ಕೂತಿದ್ದರು. ಟೀವಿ ತಂದಿರಲಿಲ್ಲ.

ಹೀಗೆ ಶುರುವಾಯಿತು. ಎರಡರಿಂದ ಐದರವರೆಗೆ, ಪ್ರತಿ ಶನಿವಾರ. ಪಕ್ಕದ ಬೆಂಚಿನ ಕಾಲೇಜು ಹುಡುಗರು ಮೊದಲು ನಕ್ಕರು, ಆಮೇಲೆ ತಮ್ಮ ಆಟ ನಿಲ್ಲಿಸಿ ನಮ್ಮದನ್ನು ನೋಡತೊಡಗಿದರು. ಮಲ್ಲಪ್ಪ ಇಂಗ್ಲಿಷ್ ಓದುತ್ತಿರಲಿಲ್ಲ. ಬಾಸ್‌ಗಳಿಗೆಲ್ಲ ತಾವೇ ಹೆಸರಿಟ್ಟರು. ಮೊದಲನೆಯದು 'ಬಾಗ್ಲು'. ಎರಡನೆಯದು 'ಕಲ್ಲಾನೆ'. ಮೂರನೆಯದು ನಾಲಗೆ ಚಾಚುವ 'ಕಪ್ಪೆ'. ನಾಲ್ಕನೆಯದು 'ಕಬ್ಬುಣದ ಏಡಿ'. ಐದು 'ಅಣ್ತಮ್ಮಂದ್ರು'. ಆರು 'ಕತ್ಲೆಯೋನು'.

ಅಣ್ತಮ್ಮಂದಿರನ್ನು ಕೊಲ್ಲಲು ನಮಗೆ ಐದು ವಾರ ಹಿಡಿಯಿತು. "ಒಂದು, ಎಲ್ಡು, ಒಡೀರಿ ಮೇಷ್ಟ್ರೆ!" ಎಂದು ಅವರು ಕೂಗುತ್ತಿದ್ದರು. ನಾನು ಯಾವಾಗಲೂ ಅರ್ಧ ಕ್ಷಣ ಮುಂಚೆ ಹೊಡೆಯುತ್ತಿದ್ದೆ. "ಆತ್ರ ನಿಮ್ಗೆ. ಜೊತ್ಗೆ ಇರೋನ್ ಕೈ ಎದ್ದದಾ ಅಂತ ನೋಡ್ಬೇಕಲ್ವಾ?" ಎಂದು ಬೈಯುತ್ತಿದ್ದರು. ಗಣಿತದ ಮೇಷ್ಟ್ರಿಗೆ ಎಣಿಕೆ ಹೇಳಿಕೊಟ್ಟವರು ಅವರೊಬ್ಬರೇ.

ಕತ್ತಲೆಯವನನ್ನು ಗೆದ್ದದ್ದು ಪೂರ್ತಿ ಅವರಿಂದ. ಆರನೇ ಹಂತದಲ್ಲಿ ಪರದೆ ಕಪ್ಪಾಗಿಬಿಡುತ್ತದೆ. ಬಾಸ್ ಕಾಣುವುದಿಲ್ಲ, ಅವನ ಹೆಜ್ಜೆ ಸದ್ದು ಮಾತ್ರ ಕೇಳುತ್ತದೆ. ಮಲ್ಲಪ್ಪ ಕಣ್ಣು ಮುಚ್ಚಿಕೊಂಡು ಆಡಿದರು! "ಗದ್ದೆಗೆ ಹಂದಿ ಬೀಳೋವಾಗ ಕಣ್ಣಾ ನೋಡ್ತದೆ? ಕಿವಿ ಕಣ್ರೀ ನೋಡದು" ಎಂದರು.

ಬಸ್ಸಿಗೆ ಕಾಯುವಾಗ ನಮ್ಮ ವಾದ ಒಂದೇ. ಯಾರು ಹೆಚ್ಚು ಕಷ್ಟ? ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕ ಇಡುತ್ತಿದ್ದೆ. ಎಷ್ಟು ಏಟು ಬೇಕಾಯಿತು, ಎಷ್ಟು ಪ್ರಾಣ ಹೋಯಿತು, ಎಷ್ಟು ವಾರ. ಲೆಕ್ಕದ ಪ್ರಕಾರ ಕತ್ತಲೆಯವನೇ ಮೊದಲು. ಮಲ್ಲಪ್ಪ ಒಪ್ಪುತ್ತಿರಲಿಲ್ಲ.

"ಅಣ್ತಮ್ಮಂದ್ರೇ ಕಷ್ಟ. ಇಬ್ರೂ ಒಟ್ಗೆ ಓಗ್ಬೇಕು. ಒಬ್ರು ಮುಂದೆ ಓಗಿ ಇನ್ನೊಬ್ರು ಇಂದೆ ಉಳ್ಕಂಡ್ರೆ ಆಟ ಕೆಡ್ತದೆ."

ಅವರು ಆಟದ ಬಗ್ಗೆಯೇ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಅವರ ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಕೇಳಿರಲಿಲ್ಲ. ನನ್ನ ಮನೆಯಲ್ಲಿ ಯಾರಿಲ್ಲ ಎಂದು ಅವರೂ ಕೇಳಿರಲಿಲ್ಲ. ಇಬ್ಬರು ಗಂಡಸರು ನಾಲ್ಕು ತಿಂಗಳು ಭುಜಕ್ಕೆ ಭುಜ ತಾಗಿಸಿಕೊಂಡು ಕೂತು ಏಳು ರಾಕ್ಷಸರ ಬಗ್ಗೆ ಮಾತ್ರ ಮಾತಾಡಿದೆವು. ಗಂಡಸರ ಸ್ನೇಹ ಅಂದರೆ ಇಷ್ಟೇ ಅಲ್ಲವೇ?

ಕೊನೆಗೊಂದು ಶನಿವಾರ ಏಳನೇ ಬಾಸ್ ಮುಂದೆ ಬಂದು ನಿಂತೆವು. ಇಬ್ಬರಿಗೂ ತಲಾ ಎರಡು ಪ್ರಾಣ ಉಳಿದಿತ್ತು. ಕಾಲೇಜು ಹುಡುಗರು ಬೆಂಚಿನ ಮೇಲೆ ಹತ್ತಿ ನಿಂತರು. ನಾಗರಾಜು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟು ಬಂದರು.

ದೊಡ್ಡ ಸಭಾಂಗಣ. ಕೊನೆಯಲ್ಲೊಂದು ಸಿಂಹಾಸನ. ಅದರ ಮೇಲೆ ಒಬ್ಬ ಕಿರೀಟದವನು. ನಾವು ಹೋಗಿ ಮುಂದೆ ನಿಂತರೂ ಅವನು ಏಳಲಿಲ್ಲ. ಗುಂಡು ಹಾರಿಸಲಿಲ್ಲ. ಸುಮ್ಮನೆ ಕೂತಿದ್ದ. ನಾವಾಗಿ ಹೊಡೆಯುವವರೆಗೆ ಅವನು ಏನೂ ಮಾಡುವುದಿಲ್ಲ, ಆಟ ಇರುವುದೇ ಹಾಗೆ.

ಮಲ್ಲಪ್ಪ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಆಮೇಲೆ ಜಾಯ್‌ಸ್ಟಿಕ್ ತೊಡೆಯ ಮೇಲೆ ಇಟ್ಟುಕೊಂಡರು.

"ಮೇಷ್ಟ್ರೆ, ಇವತ್ತ್ ಬ್ಯಾಡ."

"ಯಾಕೆ?"

"ಸುಮ್ನೆ ಕುಂತವ್ನಲ್ಲಾ. ಇರ್ಲಿ ಬುಡಿ. ಮುಂದಿನ್ ವಾರ ನೋಡವ."

ನನಗೆ ರೇಗಿತು. ಈ ಆಟದಲ್ಲಿ ಸೇವ್ ಮಾಡುವಂತಿಲ್ಲ. ಮುಂದಿನ ವಾರ ಅಂದರೆ ಮತ್ತೆ ಬಾಗಿಲಿನಿಂದ ಶುರು. ಅಷ್ಟು ಜನ ನೋಡುತ್ತಿದ್ದಾರೆ. ನಾಲ್ಕು ತಿಂಗಳ ಶ್ರಮ. ಬೇಡ ಅಂದರೆ?

ನಾನು ಹೊಡೆದೆ.

ಕಿರೀಟದವನು ಎದ್ದ. ಮಲ್ಲಪ್ಪನವರ ಯೋಧ ಮೂಲೆಯಲ್ಲಿ ಅಲುಗಾಡದೆ ನಿಂತಿದ್ದ. ನಾನು ಒಬ್ಬನೇ ಓಡಿದೆ, ಹಾರಿದೆ, ಹೊಡೆದೆ. ನನ್ನ ಎರಡೂ ಪ್ರಾಣ ಹೋಯಿತು. ಕಿರೀಟದವನು ಕೆಂಪಗೆ ಮಿನುಗುತ್ತಿದ್ದ, ಇನ್ನೇನು ಬೀಳುತ್ತಾನೆ. ಎರಡು ಬಟನ್ ಒಟ್ಟಿಗೆ ಒತ್ತಿದೆ. ಮಲ್ಲಪ್ಪನವರ ಒಂದು ಪ್ರಾಣ ನನಗೆ ಬಂತು. ಅದೂ ಹೋಯಿತು. ಮತ್ತೆ ಒತ್ತಿದೆ. ಮೂಲೆಯಲ್ಲಿ ನಿಂತಿದ್ದ ಅವರ ಯೋಧ ಮಾಯವಾದ. ಆ ಕೊನೆಯ ಪ್ರಾಣದಲ್ಲಿ ನಾನು ಗೆದ್ದೆ.

ಹುಡುಗರು ಶಿಳ್ಳೆ ಹೊಡೆದರು. ನಾಗರಾಜು ಕೈ ಕುಲುಕಿದರು. ಪರದೆಯ ಮೇಲೆ ಯಾವುದೋ ಪರದೇಶದ ಅಕ್ಷರಗಳು ಮೇಲಕ್ಕೆ ಹೋಗತೊಡಗಿದವು.

"ಮುಗೀತಾ?" ಎಂದರು ಮಲ್ಲಪ್ಪ.

"ಮುಗೀತು!" ಎಂದೆ. ಎಷ್ಟು ಖುಷಿಯಿಂದ ಎಂದೆ!

"ಸರಿ. ಓಯ್ತೀನಿ."

ಓಯ್ತೀನಿ ಅಂದರೆ ಹೋಗುತ್ತೇನೆ. ಅಷ್ಟು ಹೊತ್ತಿಗೆ ಆ ಭಾಷೆ ನನಗೆ ಚೆನ್ನಾಗಿ ಬರುತ್ತಿತ್ತು. ಆದರೂ ಅರ್ಥವಾಗಲಿಲ್ಲ.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮೂರನೇ ಶನಿವಾರ ನಾನು ಅಂಗಡಿಗೆ ಹೋಗದೆ ಸತ್ತೇಗಾಲದ ಬಸ್ ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ದೊಡ್ಡ ಜಗುಲಿಯ ಮನೆ. ಮಲ್ಲಪ್ಪ ಒಬ್ಬರೇ ತೆಂಗಿನಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಗಡಬಡಿಸಿ ಎದ್ದು ಚಾಪೆ ಹಾಸಿದರು. ಎಳನೀರು ಕೊಟ್ಟರು. "ಬನ್ನಿ, ಕುಂತ್ಕಳಿ, ಊಟ ಮಾಡ್ಕಂಡೇ ಓಗ್ಬೇಕು" ಎಂದರು. ಎಲ್ಲಾ ಮರ್ಯಾದೆಯೂ ಇತ್ತು. ಅದಕ್ಕೇ ನನಗೆ ಹೆದರಿಕೆಯಾದದ್ದು. ಅಂಗಡಿಯಲ್ಲಿ ಅವರು ನನಗೆ ಇಷ್ಟು ಮರ್ಯಾದೆ ಕೊಟ್ಟವರೇ ಅಲ್ಲ.

"ಯಾಕೆ ಬರಲಿಲ್ಲ ನೀವು?" ಎಂದೆ.

"ಮುಗ್ದೋಯ್ತಲ್ಲಾ ಸಾ."

ಮೇಷ್ಟ್ರೆ ಹೋಗಿ ಸಾ ಆಗಿದ್ದೆ.

"ಬೇರೆ ಕ್ಯಾಸೆಟ್ ಬಂದಿದೆ."

"ಬಂದಿರ್ಬೋದು."

ಒಳಗೆ ಅನ್ನ ಉಕ್ಕಿದ ಸದ್ದಾಯಿತು. ಅವರೇ ಎದ್ದು ಹೋಗಿ ಇಳಿಸಿ ಬಂದರು. ಆಗ ಕೇಳಿದೆ, ಮನೆಯವರು ಎಲ್ಲಿ ಎಂದು. ನಾಲ್ಕು ತಿಂಗಳು ತಡವಾಗಿ.

"ಮೈಸೂರ್ಗೋಗವ್ಳೆ. ಮಗಳ ಬಾಣಂತನಕ್ಕೆ. ಮೂರ್ ತಿಂಗ್ಳಲ್ಲಿ ಬತ್ತೀನಿ ಅಂದ್ಲು."

"ಯಾವಾಗ ಹೋದದ್ದು?"

"ಆ ಕೂಸು ಈಗ ಓಡಾಡ್ತದೆ."

ಜಗಳವಿಲ್ಲ, ಮನಸ್ತಾಪವಿಲ್ಲ. ಮಗಳು ಕೆಲಸಕ್ಕೆ ಹೋಗುತ್ತಾಳೆ, ಮಗು ನೋಡಿಕೊಳ್ಳಬೇಕು. ಒಂದು ತಿಂಗಳು ಹೋಗಿ ಇನ್ನೊಂದು ತಿಂಗಳಾಯಿತು. ಇವರೂ ಬಾ ಎನ್ನಲಿಲ್ಲ, ಅವರೂ ಬರಲಿಲ್ಲ. ಆಕೆ ಇಲ್ಲದಾಗ ಟೀವಿಯಾದರೂ ಮಾತಾಡಲಿ ಎಂದು ರಿಪೇರಿಗೆ ತಂದದ್ದಂತೆ ಅವತ್ತು.

"ನಾ ಆವತ್ತು ಬ್ಯಾಡ ಅಂದೆ" ಎಂದರು ಮಲ್ಲಪ್ಪ, ಕಾಯಿಯ ನಾರು ಕೀಳುತ್ತಾ. "ಬೆಳಗೆದ್ದು ಸೋಮ್ವಾರ, ಮಂಗ್ಳವಾರ ಅಂತ ಎಣಿಸ್ಕಂಡು ಶನಿವಾರ ಗಂಟ ಬರ್ತಿದ್ದೆ. ನೀವು ಮುಗಿಸ್ಬುಟ್ರಿ."

ತಪ್ಪಾಯಿತು ಎನ್ನಬೇಕಿತ್ತು. ನಾನು ಮೇಷ್ಟ್ರು. ಬುದ್ಧಿ ಹೇಳಿದೆ.

"ಮೈಸೂರು ಏನು ದೂರ? ನೀವೇ ಹೋಗಿ ಕರೆದುಕೊಂಡು ಬರಬಾರದೇ?"

ಮಲ್ಲಪ್ಪ ತಲೆಯೆತ್ತಿ ನೋಡಿದರು. ಕೋಪವಿರಲಿಲ್ಲ. "ನಿಮ್ಮ ಮನೆಯೋರು ಗದಗ್ದಲ್ಲಿ ಅವ್ರಂತೆ. ನಾಗರಾಜು ಏಳ್ತಿದ್ದ. ನೀವ್ ಎಷ್ಟ್ ದಿಸ ಆಯ್ತು ಓಗಿ?"

"ನನಗೆ ರಜೆ ಸಿಗುವುದಿಲ್ಲ" ಎಂದೆ.

"ಶನಿವಾರ ಎಲ್ಲಾ ಸಿಕ್ತಿತ್ತಲ್ಲಾ ಸಾ."

ಅಷ್ಟೇ ಹೇಳಿದ್ದು. ಆಮೇಲೆ ಎದ್ದು ಅನ್ನ ಬಡಿಸಿದರು. ಇಬ್ಬರೂ ಉಂಡೆವು. ಒಳ್ಳೆಯ ಅನ್ನ. ಸತ್ತೇಗಾಲದ ನೀರಿನ ಭತ್ತ.

ಬಸ್ ಹತ್ತಿಸಲು ಜೊತೆಗೇ ಬಂದರು. ಬಸ್ ದೂರದಲ್ಲಿ ಕಂಡಾಗ ಇದ್ದಕ್ಕಿದ್ದಂತೆ, "ಏಡೀನ ನೀವು ಮೂರ್ನೇ ನಂಬರ್ಗೆ ಆಕಿದ್ರಲ್ಲಾ, ಅದು ತಪ್ಪು. ಕಪ್ಪೆ ಅದ್ಕಿಂತ ಕಷ್ಟ" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. "ಶನಿವಾರ ಬನ್ನಿ, ಅಂಗಡಿಯಲ್ಲೇ ತೀರ್ಮಾನ ಮಾಡೋಣ" ಎಂದೆ. ಅವರು ನಕ್ಕರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಶನಿವಾರ ಒಂದೂವರೆಗೇ ಹೋಗಿ ಕೂತೆ. ನಾಗರಾಜು ನನ್ನನ್ನು ಕಂಡವರೇ ಹೇಳಿದರು.

"ಮಲ್ಲಪ್ನೋರು ಬೆಳಿಗ್ಗೇನೆ ಬಂದಿದ್ರು ಸಾ. ಕೈಲಿ ಬ್ಯಾಗಿತ್ತು. ಮೈಸೂರ್ ಬಸ್ಸಿಗೆ ಕಾಯ್ತಾ ಐದ್ ನಿಮ್ಸ ಇಲ್ಲೇ ಕುಂತಿದ್ರು. ಮೇಷ್ಟ್ರು ಬಂದ್ರೆ ಮೈಸೂರ್ಗೆ ಓದೆ ಅಂತ ಏಳಿ ಅಂದ್ರು."

ನನಗೆ ಸಂತೋಷವಾಗಬೇಕಿತ್ತಲ್ಲವೇ? ಸತ್ಯ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ಐವತ್ತು ದಾಟಿದ ಮನುಷ್ಯ ಒಂದು ಮಾತಿಗೆ ಎದ್ದು ಹೊರಟೇಬಿಟ್ಟಿದ್ದರು. ನಾನು ಒಬ್ಬನೇ ಆಡಿದೆ. ಅಣ್ತಮ್ಮಂದಿರ ಹತ್ತಿರ ಸತ್ತೆ.

ಐದು ಗಂಟೆಗೆ ಬಸ್ ಸ್ಟ್ಯಾಂಡಿಗೆ ಬಂದರೆ ಮೈಸೂರಿನ ಬಸ್ ಬಾಗಿಲು ತೆರೆದುಕೊಂಡು ನಿಂತಿತ್ತು. ಮೈಸೂರಿಗೆ ಹೋದರೆ ಅಲ್ಲಿಂದ ಹುಬ್ಬಳ್ಳಿ ಬಸ್, ಹುಬ್ಬಳ್ಳಿಯಿಂದ ಗದಗ. ಬೆಳಗಿನ ಹೊತ್ತಿಗೆ ಮನೆ. ಪಕ್ಕದಲ್ಲಿ ಹನೂರಿನ ಬಸ್. ನಾನು ಹನೂರಿನ ಬಸ್ ಹತ್ತಿದೆ. ಸೋಮವಾರ ಟೆಸ್ಟ್ ಇತ್ತು. (ಆ ಟೆಸ್ಟ್ ಇಟ್ಟವನು ನಾನೇ.)

ನಾಲ್ಕೈದು ತಿಂಗಳ ಮೇಲೆ ಕೊಳ್ಳೇಗಾಲದ ತರಕಾರಿ ಮಾರ್ಕೆಟ್ಟಿನಲ್ಲಿ ಮಲ್ಲಪ್ಪ ಸಿಕ್ಕರು. ಮುಂದೆ ಒಬ್ಬ ಹೆಂಗಸು ಬದನೆಕಾಯಿ ಆರಿಸುತ್ತಿದ್ದರು, ಹಿಂದೆ ಇವರು ಎರಡು ಚೀಲ ಹಿಡಿದು ನಿಂತಿದ್ದರು. "ಇವ್ರೇ ಕಣಮ್ಮಿ ಆ ಮೇಷ್ಟ್ರು" ಎಂದು ಪರಿಚಯ ಮಾಡಿಸಿದರು.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓ, ಇವ್ರ ಪ್ರಾಣ ತಕಂಡೋರು ನೀವೇಯಾ?"

ಮೂವರೂ ನಕ್ಕೆವು. ಆಟದ ಸಂಗತಿಯನ್ನೆಲ್ಲ ಆಕೆಗೆ ಹೇಳಿದ್ದಾರೆ ಎಂದು ಗೊತ್ತಾಯಿತು. ಬಾಗಿಲಿನಿಂದ ಕತ್ತಲೆಯವನ ತನಕ. ನನಗೆ ಹಾಗೆ ಹೇಳಿಕೊಳ್ಳಲು ಯಾರಿದ್ದರು? ಸುಮಂಗಲಾಗೆ ನಾನು ವಿಡಿಯೋ ಗೇಮ್ ಆಡುತ್ತೇನೆ ಎಂಬುದೇ ಗೊತ್ತಿರಲಿಲ್ಲ.

"ನಿಮ್ಮನೆಯೋರು ಚೆನ್ನಾಗವ್ರಾ ಸಾ?" ಎಂದು ಆಕೆ ಕೇಳಿದರು.

"ಚೆನ್ನಾಗಿದ್ದಾರೆ" ಎಂದೆ. ಅವಳ ಮುಖ ನೋಡಿ ಒಂಬತ್ತು ತಿಂಗಳಾಗಿತ್ತು.

ಗದಗಿಗೆ ಟ್ರಾನ್ಸ್‌ಫರ್ ಬಂತು, ಅದಾಗಿ ಒಂದೂವರೆ ವರ್ಷಕ್ಕೆ. ಆರ್ಡರ್ ಕೈಗೆ ಬಂದ ದಿನವೇ ಸುಮಂಗಲಾಗೆ ಕಾಗದ ಬರೆದೆ. ಬಹಳ ದಿನದ ಮೇಲೆ ನಾಲ್ಕು ಪುಟ. ಅವಳ ಉತ್ತರ ಒಂದು ಸಾಲು ಮೀರಲಿಲ್ಲ. "ನೀವು ಅಲ್ಲೇ ಇರ್ರಿ. ಇಬ್ಬರಿಗೂ ರೂಢಿ ಆಗೇದ."

ಅವಳು ಸಿಟ್ಟಿನಿಂದ ಬರೆದಿರಲಿಲ್ಲ. ಅಕ್ಷರ ದುಂಡಗೆ, ನೀಟಾಗಿತ್ತು. ಅಷ್ಟು ನೀಟಾದ ಅಕ್ಷರದ ಎದುರು ವಾದ ಮಾಡುವುದು ಹೇಗೆ? ಆರ್ಡರ್ ಕ್ಯಾನ್ಸಲ್ ಮಾಡಿಸಿಕೊಂಡೆ. ಆಮೇಲೆ ಯಳಂದೂರಿಗೆ ಬಂದೆ. ಇಲ್ಲೇ ಇದ್ದೇನೆ. ನನ್ನ ಸಾರಿನ ಪ್ರಯೋಗಗಳ ಬಗ್ಗೆ ನೀವು ಓದಿಯೇ ಇದ್ದೀರಿ. ಒಬ್ಬರಿಗೆ ಮಾಡುವ ಸಾರು ಯಾಕೆ ಯಾವಾಗಲೂ ಹೆಚ್ಚಾಗುತ್ತದೆ ಎಂದು ಒಬ್ಬ ಓದುಗರು ಕೇಳಿದ್ದರು. ಅಳತೆ ಕಲಿತದ್ದು ಇಬ್ಬರಿಗೆ, ಅದಕ್ಕೆ.

ಬದುಕೇ ಎಲ್ಲಕ್ಕಿಂತ ದೊಡ್ಡ ಬಾಸ್ ಎಂದು ಈಗ ನಾನು ಬರೆಯುತ್ತೇನೆ ಎಂದುಕೊಂಡಿರಾ? ಬರೆಯುವುದಿಲ್ಲ. ಬದುಕು ನನ್ನ ಮೇಲೆ ಗುಂಡು ಹಾರಿಸಲಿಲ್ಲ, ಬೆಂಕಿ ಉಗುಳಲಿಲ್ಲ. ಬಸ್ ನಿಲ್ಲಿಸಿ, ಬಾಗಿಲು ತೆರೆದು, ಕಾಯಿತು. ಮಲ್ಲಪ್ಪ ಹತ್ತಿದರು. ನಾನು ಹತ್ತಲಿಲ್ಲ.

ಅಂದ ಹಾಗೆ, ರಜೆ ಸಿಗಲಿಲ್ಲ ಎಂದು ಈ ವಾರ ನೀವು ಯಾರಿಗೆ ಹೇಳಿದಿರಿ?